ಅಡಿಕೆ ಕಳ್ಳತನದ ಕೇಸಲ್ಲಿ ಖುಲಾಸೆ ಆಯ್ತು. ಸುಳ್ಳು ದೂರು ಕೊಟ್ಟವರ ಮೇಲೆ ಪರಿಹಾರದ ದಾವೆ ಹಾಕಿದವರು ಇದ್ದೀರಾ?

ಬೆಟ್ಟದಂಚು (ಹೊಸನಗರ ತಾಲೂಕು): ಪಕ್ಕದ ತೋಟದವರ ಜೊತೆ ಸೊಪ್ಪಿನಬೆಟ್ಟದ ಬೇಲಿ ಜಗಳ ಇತ್ತು. ನಾನು ನೋಟಿಸ್ ಕಳಿಸಿದ ಮೇಲೆ, ಅವರ ಉಗ್ರಾಣದಿಂದ ರಾಶಿ ಅಡಿಕೆ ಕದ್ದೆ ಅಂತ ಸ್ಟೇಷನ್ನಿಗೆ ಹೋದರು. ಅರೆಸ್ಟು, ಜಾಮೀನು, ವಿಚಾರಣೆ ಎಲ್ಲ ಆಗಿ ಕಳೆದ ದೀಪಾವಳಿ ಹೊತ್ತಿಗೆ ಖುಲಾಸೆ. ಆದೇಶದಲ್ಲಿ ‘ಸಂಶಯದ ಲಾಭ’ ಅಂತ ಬರೆದಿದ್ದಾರೆ. ದಾವೆ ನಿಲ್ಲುತ್ತಾ? ಖರ್ಚು ಎಷ್ಟು?

ಸಾಗರದ ಮಾಣಿ: ಹಾಕಿ, ಬಿಡಬೇಡಿ. ನಾನು ಹಾಕಿ ಗೆದ್ದವ. ನನ್ನ ಮೇಲೂ ಇದೇ ಆರೋಪ, ನಾಲ್ಕು ಮೂಟೆ ಸರಕು ಕದ್ದೆ ಅಂತ. ಅದೇ ಮೂಟೆಗಳನ್ನು ದೂರಿನ ಹಿಂದಿನ ದಿನವೇ ಮಂಡಿಗೆ ಹಾಕಿ ಬಿಲ್ ಮಾಡಿಸಿಕೊಂಡಿದ್ದ ಪುಣ್ಯಾತ್ಮ. ಬಿಲ್ಲಿನ ಮೇಲೆ ಅವನದೇ ಸಹಿ, ಕೆಳಗೆ ಲಾಟ್ ನಂಬರು. ಪಾಟೀಸವಾಲಲ್ಲಿ ನಮ್ಮ ವಕೀಲರು ಅದನ್ನು ಮುಂದೆ ಹಿಡಿದಾಗ ‘ನನಗೆ ಓದಕ್ಕೆ ಬರಲ್ಲ’ ಅಂದ! ಪಂಚಾಯ್ತಿ ಮೆಂಬರ್ ಆಗಿದ್ದವ ಮಾರಾಯ್ರೆ. ಖರ್ಚು ಕೇಳಿದ್ರಲ್ಲ: ವಕೀಲರಿಗೆ ಕಂತು ಕಂತಾಗಿ 60,000, ಕೋರ್ಟ್ ಫೀ ಬೇರೆ (ಕೇಳಿದ ಮೊತ್ತ ಏರಿದಂಗೆ ಫೀ ಏರುತ್ತೆ, ಆಸೆಗೆ ಬಿದ್ದು 50 ಲಕ್ಷ ಬರೆಸಬೇಡಿ), ಸಾಕ್ಷಿಗಳ ಬಸ್ಸು, ಊಟ, ಒಬ್ಬನಿಗೆ ಕೊಯ್ಲಿನ ದಿನದ ಕೂಲಿ. ಡಿಕ್ರಿ ಆಗಿದ್ದು 75,000ಕ್ಕೆ. ಅಮಲ್ಜಾರಿ (ಡಿಕ್ರಿ ಹಣದ ವಸೂಲಿ) ಇನ್ನೂ ನಡೀತಿದೆ, ಕೈಗೆ ಒಂದು ರೂಪಾಯಿ ಬಂದಿಲ್ಲ. ಆದ್ರೂ ಊರಲ್ಲಿ ತಲೆ ಎತ್ತಿ ಓಡಾಡ್ತೀನಿ.

ಅಂಗಳ ಕಾವಲು: ಒಂದು ಕಡೆ ಕತೆ ಸಾಕು. ನಾನು ಇಂಥದೇ ದಾವೆಯಲ್ಲಿ ಪ್ರತಿವಾದಿ ಆಗಿದ್ದವ, ನನ್ನ ಪರವಾಗಿಯೇ ವಜಾ ಆಯ್ತು. ಅಂಗಳದಲ್ಲಿ ಒಣಗಿಸಿದ ಅಡಿಕೆ ರಾತ್ರಿ ಬೆಳಗಾಗೋದ್ರಲ್ಲಿ ಇಲ್ಲ. ಬೇಲಿ ದಾಟಿ ಜೀಪಿನ ಗುರುತು ಪಕ್ಕದವನ ದಣಪೆವರೆಗೂ (ಬೇಲಿ ಬಾಗಿಲು) ಇತ್ತು, ಅಡಿಕೆ ಕೊನೆ ಇಳಿಸೋ ಕೊನೆಗಾರ ಅವನನ್ನು ಆ ಹೊತ್ತಲ್ಲಿ ನೋಡಿದ್ದ. ಹೆಸರು ಕೊಟ್ಟೆ. ಅವನು ಖುಲಾಸೆ ಆಗಿ ನನ್ನ ಮೇಲೆ 10 ಲಕ್ಷಕ್ಕೆ ಹಾಕಿದ. ಅವನ ಮೇಲೆ ನನಗೆ ದ್ವೇಷ ಇತ್ತಾ? ಇತ್ತು, ಈಗಲೂ ಇದೆ, ಕೋರ್ಟಲ್ಲೇ ಹೇಳಿದೆ. ದ್ವೇಷ ಒಂದೇ ಇದ್ರೆ ಸಾಲಲ್ಲ ಸ್ವಾಮಿ, ದೂರು ಕೊಡಕ್ಕೆ ನ್ಯಾಯವಾದ ಕಾರಣವೂ ಇರಲಿಲ್ಲ ಅಂತ ವಾದಿಯೇ ತೋರಿಸಬೇಕು. ನಮ್ಮ ವಕೀಲರು 1878ರ ಇಂಗ್ಲೆಂಡಿನ ಹಿಕ್ಸ್ ವರ್ಸಸ್ ಫಾಕ್ನರ್ ಓದಿದರು: ಆರೋಪಿ ತಪ್ಪಿತಸ್ಥ ಅಂತ ಪ್ರಾಮಾಣಿಕವಾಗಿ ನಂಬಿರಬೇಕು, ಆ ನಂಬಿಕೆಗೆ ಸಾಮಾನ್ಯ ಬುದ್ಧಿಯವನೂ ಒಪ್ಪೋ ಆಧಾರ ಇರಬೇಕು. ನನಗಿತ್ತು. ನನ್ನ 45,000 ಯಾರು ಕೊಡ್ತಾರೆ?

ಸಾಗರದ ಮಾಣಿ: ಜೀಪಿನ ಗುರುತಂತೆ! ಮಲೆನಾಡಲ್ಲಿ ಯಾರ ಮನೆ ಹತ್ರ ಜೀಪಿನ ಗುರುತಿಲ್ಲ? ನಿಮ್ಮಂಥವರಿಂದಲೇ ಸ್ಟೇಷನ್ ತುಂಬಿರೋದು.

ಅಂಗಳ ಕಾವಲು: ನಿಮ್ಮ ಅಡಿಕೆ ಹೋಗಿದ್ರೆ ಗೊತ್ತಾಗ್ತಿತ್ತು.

ತುಂಗೆ ಮಗಳು: ಇಬ್ಬರೂ ಗೆದ್ದವರೇ, ಜಗಳ ಬೇರೆ. ನಮ್ಮ ಅಪ್ಪಯ್ಯನ ಮೇಲೆ ದಾಯಾದಿಗಳು ಖೋಟಾ ಸಹಿ ಅಂತ ಕೇಸ್ ಹಾಕಿಸಿದ್ದರು. ಖುಲಾಸೆ ಆಯ್ತು, ಅಪ್ಪಯ್ಯ ಹಠ ಹಿಡಿದು ದಾವೆ ಹಾಕಿದರು. ಅಮ್ಮನ ಎರಡೆಳೆ ಸರ ಅಡ ಇಟ್ಟಿದ್ದು ಅದಕ್ಕೇ. ಸಾಕ್ಷಿ ಹಂತದಲ್ಲಿದ್ದಾಗ ಅಪ್ಪಯ್ಯ ತೀರಿಕೊಂಡರು. ವಾರಸುದಾರರಾಗಿ ನಾವು ಮುಂದುವರಿಸೋಣ ಅಂದ್ರೆ, ಇಂಥ ದಾವೆ ಡಿಕ್ರಿಗೆ ಮೊದಲು ವಾದಿ ಹೋದರೆ ಅವರ ಜೊತೆಗೇ ಹೋಗುತ್ತೆ ಅಂದರು. ಜಮೀನಿನ ದಾವೆ ಥರ ಮಕ್ಕಳಿಗೆ ಬರಲ್ಲ. ಫೈಲ್ ಕೊಟ್ಟ ದಿನವೇ ಇದನ್ನು ಒಬ್ಬ ವಕೀಲರೂ ಹೇಳಲಿಲ್ಲ. ಸರ ಇನ್ನೂ ಬ್ಯಾಂಕಲ್ಲೇ ಇದೆ.

ಹಳೇ ಶಿರಸ್ತೇದಾರ್: ಕತೆ ಆಮೇಲೆ, ಮೊದಲು ವಾಯಿದೆ. 1963ರ ಕಾಲಮಿತಿ ಕಾಯ್ದೆ, 74ನೇ ಅನುಚ್ಛೇದ: ಖುಲಾಸೆ ಆದ ದಿನದಿಂದ ಒಂದು ವರ್ಷ. ದೀಪಾವಳಿ ಅಂದರೆ ಯಾವ ತಾರೀಕು ಸ್ವಾಮಿ? ‘ಸಂಶಯದ ಲಾಭ’ ಇದ್ದ ಮಾತ್ರಕ್ಕೆ ದಾವೆ ಬೀಳಲ್ಲ, ಖುಲಾಸೆ ಆದ ಮಾತ್ರಕ್ಕೆ ಗೆಲ್ಲೋದೂ ಇಲ್ಲ. ಕ್ರಿಮಿನಲ್ ತೀರ್ಪು ನೀವು ಖುಲಾಸೆ ಆದಿರಿ ಅನ್ನೋದಕ್ಕೆ ಮಾತ್ರ ಪುರಾವೆ, ಕಾರಣ ಇತ್ತೋ ಇಲ್ಲವೋ ಅನ್ನೋದನ್ನು ಸಿವಿಲ್ ಕೋರ್ಟು ತಾನೇ ಹೊಸದಾಗಿ ನೋಡುತ್ತೆ. ಚಾರ್ಜ್‌ಶೀಟ್ ಹಾಕಿದ್ದು ಪೊಲೀಸರು, ನಾನಲ್ಲ ಅಂತ ದೂರು ಕೊಟ್ಟವರು ಹೇಳೇ ಹೇಳ್ತಾರೆ. ಅದಕ್ಕೆ 1908ರಲ್ಲೇ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೇ ಮೇಲ್ಮನವಿ ಕೋರ್ಟು) ಗಯಾ ಪ್ರಸಾದ್ ಕೇಸಲ್ಲಿ ಉತ್ತರ ಕೊಟ್ಟಿದೆ: ಸುಳ್ಳು ಅಂತ ಗೊತ್ತಿದ್ದೂ ಪೊಲೀಸರ ದಾರಿ ತಪ್ಪಿಸಿದವನೇ ಕೇಸು ನಡೆಸಿದವನು.

ಕಾನು ಕೇಸು: ನನ್ನ ಮೇಲೆ ಹಾಕಿದ್ದು ಅರಣ್ಯ ಇಲಾಖೆಯವರು, ನಾಟಾ (ಮರದ ದಿಮ್ಮಿ) ಸಾಗಿಸಿದೆ ಅಂತ. ಸರ್ಕಾರಿ ನೌಕರ ಆದ್ರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 80ನೇ ಸೆಕ್ಷನ್ನಿನ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಆ ಎರಡು ತಿಂಗಳು ವರ್ಷದ ಲೆಕ್ಕಕ್ಕೆ ಸೇರಲ್ಲ, ಅಷ್ಟೇ ಸಮಾಧಾನ. ಕಟ್ಟೆ ಮೇಲೆ ಕೂತು ಮಾತಾಡೋರಿಗೆ ಇದೆಲ್ಲ ಗೊತ್ತಿಲ್ಲ.

ಹಳೇ ಶಿರಸ್ತೇದಾರ್: ಕಟ್ಟೆ ಮೇಲೆ ಅಲ್ಲ, ಕೋರ್ಟ್ ಹಾಲಲ್ಲೇ ಕೂತು ಕೂದಲು ಬೆಳ್ಳಗಾಗಿದ್ದು.

ಕಾನು ಕೇಸು: ಹಂಗಾದ್ರೆ ಸಿಆರ್‌ಪಿಸಿ (ಹಳೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) 250ನೇ ಸೆಕ್ಷನ್ ಯಾಕೆ ಹೇಳ್ಲಿಲ್ಲ? ಈಗ ಅದು ಬಿಎನ್‌ಎಸ್‌ಎಸ್ (ಅದರ ಬದಲು ಬಂದ ಹೊಸ ಸಂಹಿತೆ) 273. ಕಾರಣ ಇಲ್ಲದ ಆರೋಪ ಅಂತ ಕಂಡರೆ ಖುಲಾಸೆ ಮಾಡೋ ಮ್ಯಾಜಿಸ್ಟ್ರೇಟರೇ ದೂರುದಾರನಿಂದ ಪರಿಹಾರ ಕೊಡಿಸಬಹುದು.

ಹಳೇ ಶಿರಸ್ತೇದಾರ್: ಖುಲಾಸೆ ಮಾಡೋವಾಗ ಅವರು ಅದನ್ನು ಎತ್ತಬೇಕು. ಇವರದು ಮುಗಿದುಹೋಗಿದೆ, ಅದಕ್ಕೇ ಹೇಳ್ಲಿಲ್ಲ.

ಸಾಗರದ ಮಾಣಿ: ಎಲ್ಲಕ್ಕಿಂತ ಉಗ್ರಾಣಕ್ಕೆ ಕ್ಯಾಮರಾ ಹಾಕಿಸಿ. ನನಗೆ 18,000 ಆಯ್ತು.

ಅಂಗಳ ಕಾವಲು: ಮಳೆಗಾಲದಲ್ಲಿ ಕರೆಂಟ್ ಎಲ್ಲಿರುತ್ತೆ? ನಮ್ಮಲ್ಲಿ ಮಂಗ ವೈರನ್ನೇ ಕಿತ್ತಿತು.

ಬೆಟ್ಟದಂಚು: ಬೇಲಿ ನೋಟಿಸ್ ದೂರಿಗಿಂತ ಮೊದಲೇ ಅವರ ಕೈ ಸೇರಿದೆ, ರಿಜಿಸ್ಟರ್ ಪೋಸ್ಟಿನ ಸ್ವೀಕೃತಿ ಕಾರ್ಡ್ ಇದೆ. ಅದು ಸಾಕಾ ಅಂತ ಒಬ್ಬರೂ ಹೇಳ್ಲಿಲ್ಲ.

ಹಳೇ ಶಿರಸ್ತೇದಾರ್: ದುರುದ್ದೇಶ ತೋರಿಸಕ್ಕೆ ಒಳ್ಳೇ ಕಾಗದ. ಕಾರಣ ಇರಲಿಲ್ಲ ಅನ್ನೋದಕ್ಕೆ ಬೇರೆ ಬೇಕು. ಆ ದಿನ ಅವರ ಉಗ್ರಾಣದಲ್ಲಿ ಅಡಿಕೆ ಇತ್ತಾ, ನಿಮ್ಮನ್ನು ನೋಡಿದೆ ಅಂದವರು ಯಾರು, ಮಹಜರಲ್ಲಿ ಏನು ಬರೆದಿದ್ದಾರೆ ಅಂತ ಹುಡುಕಿ. ಸಾಕ್ಷಿ ಹೇಳಿಕೆಗಳ ಸರ್ಟಿಫೈಡ್ ಕಾಪಿಗೆ ನಾಳೆಯೇ ಅರ್ಜಿ ಹಾಕಿ.

ಅಂಗಳ ಕಾವಲು: ಪಕ್ಕದವರನ್ನೂ ಒಂದು ಮಾತು ಕೇಳಿ ಅಂತೀನಿ. ಅವರದ್ದೂ ನಿಜವಾಗಿ ಹೋಗಿರಬಹುದು.

ಸಾಗರದ ಮಾಣಿ: ನೀವೇ ಆ ಪಕ್ಕದವರಾ ಹೆಂಗೆ?

ಅಂಗಳ ಕಾವಲು: ಹಿಂಗೆಲ್ಲ ಬರೆದರೆ ನಿಮ್ಮ ಮೇಲೂ ಒಂದು ಮಾನನಷ್ಟ ಬೀಳುತ್ತೆ.

ಸಾಗರದ ಮಾಣಿ: ಹಾಕಿ ಸ್ವಾಮಿ, ವಕೀಲರ ನಂಬರ್ ನಾನೇ ಕೊಡ್ತೀನಿ.