'ಕರಿ ಭತ್ತ'ದಲ್ಲಿ ಕರಿ ಯಾವುದು? ಹೊಟ್ಟೋ, ಅಕ್ಕಿಯೋ?

ಎಲ್ಲರಿಗೂ ನಮಸ್ಕಾರ.

ನಾಟಿ ಭತ್ತದ ತಳಿಗಳ ವಿವರವನ್ನು ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತರು ತಮ್ಮ ತಳಿಯನ್ನು ನೋಂದಾಯಿಸಬಹುದು. ಆಗ ಕಾಳು, ತೆನೆ, ಗರಿ ಹೀಗೆ ಒಂದೊಂದರ ಲಕ್ಷಣವನ್ನೂ ಕೇಳುತ್ತಾರೆ. ಕೆಲವಕ್ಕೆ ಪದ ಸಿಗುತ್ತಿಲ್ಲ. ಬಲ್ಲವರು ದಯವಿಟ್ಟು ಹೇಳಿ.

ದೊಡ್ಡ ತಕರಾರು ಬಣ್ಣದ್ದೇ. ಕರಿ ಕಗ್ಗ, ಕರಿಗಜವಿಲಿ ಅಂತೆಲ್ಲ ಹೆಸರುಗಳಿವೆಯಲ್ಲ, ಅಲ್ಲಿ 'ಕರಿ' ಯಾವುದಕ್ಕೆ ಹೇಳಿದ್ದು? ಹೆಸರಿಟ್ಟವರು ಗದ್ದೆಯ ಬದುವಿನ ಮೇಲೆ ನಿಂತು ಇಟ್ಟಿರಬೇಕು. ಅಲ್ಲಿ ಕಣ್ಣಿಗೆ ಬೀಳುವುದು ಹೊಟ್ಟಿನ ಬಣ್ಣ. ಅಂಗಡಿಯಲ್ಲಿ ಕೊಳ್ಳುವವರಿಗೆ ಮಾತ್ರ ಅಕ್ಕಿಯೇ ನೆನಪಾಗುತ್ತದೆ. ಇವೆರಡಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಉತ್ತರ ಪ್ರದೇಶದ ಕಾಲಾನಮಕ್‌ಗೆ ಹೊಟ್ಟು ಕಪ್ಪು, ಸುಲಿದರೆ ಅಕ್ಕಿ ಬಿಳಿ. ಕೇರಳದ ನವರದಲ್ಲಿ ಕಪ್ಪು ಹೊಟ್ಟಿನದೂ ಇದೆ, ಹೊಂಬಣ್ಣದ ಹೊಟ್ಟಿನದೂ ಇದೆ, ಅಕ್ಕಿ ಕೆಂಪೇ. ಮಣಿಪುರದ ಚಾಖಾವೊದಲ್ಲಿ ಅಕ್ಕಿಯೇ ಕಪ್ಪು. ಆ ಬಣ್ಣವೂ ಇರುವುದು ತೌಡಿನ ಪದರದಲ್ಲಿ. ಜಾಸ್ತಿ ಪಾಲಿಶ್ ಮಾಡಿದರೆ ಕೆಂಪಕ್ಕಿಯೂ ಬೆಳ್ಳಗಾಗಿಬಿಡುತ್ತದೆ. ಹಾಗಾಗಿ ಸುಮ್ನೆ 'ಕೆಂಪು ಭತ್ತ' ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಸದ್ಯಕ್ಕೆ 'ಕರಿಹೊಟ್ಟಿನ ಬಿಳಿಯಕ್ಕಿ' ಎಂದು ಬರೆಯುತ್ತಿದ್ದೇನೆ. ಹೊಟ್ಟು ಎಂದರೆ ತಲೆಹೊಟ್ಟು ನೆನಪಾಗುತ್ತದೆ ಎಂದು ಗೆಳೆಯರೊಬ್ಬರು ನಕ್ಕರು. 'ಉಮಿ' ವಾಸಿಯೇ? ಅದು ಎಲ್ಲ ಕಡೆಯವರಿಗೂ ಅರ್ಥವಾಗುತ್ತದೆಯೇ?

ಹೊಟ್ಟಿನ ಬಣ್ಣ ಒಂದೇ ಸಮನೆ ಇರುವುದೂ ಇಲ್ಲ. ಒಂದು ಕಾಳನ್ನು ಅಂಗೈ ಮೇಲಿಟ್ಟು ನೋಡಿ. ಉದ್ದಕ್ಕೂ ಸಣ್ಣ ಏಣು, ನಡುವೆ ತಗ್ಗು ಕಾಣುತ್ತದೆ. ಕೆಲವು ತಳಿಗಳಲ್ಲಿ ಮೈಯೆಲ್ಲ ಒಣಹುಲ್ಲಿನ ಬಣ್ಣ, ಆ ತಗ್ಗುಗಳಲ್ಲಿ ಮಾತ್ರ ಕಂದು. ಇನ್ನು ಕೆಲವದರಲ್ಲಿ ಅಲ್ಲಲ್ಲಿ ಚುಕ್ಕೆ. ಈ ತಗ್ಗಿಗೆ 'ಗೀರು' ಎನ್ನಲೇ? ಗೀರು ಎಂದರೆ ಯಾರೋ ಉಗುರಿನಲ್ಲಿ ಗೀರಿದ ಹಾಗಾಗುತ್ತದೆ, ಅಲ್ವಾ?

ಇನ್ನು ಕಾಳಿನ ತುದಿಯ ಉದ್ದ ಎಳೆ. ಅದಕ್ಕೆ ಮೀಸೆ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. 'ಸುಂಕು' ಎನ್ನುವವರೂ ಇದ್ದಾರೆ. ನನ್ನ ಕಿವಿಗೆ ಸುಂಕು ಎಂದರೆ ಒಕ್ಕುವಾಗ ಮೈಗೆ ಹತ್ತಿ ನವೆ ಬರಿಸುವುದು. ಎರಡೂ ಒಂದೆಯೋ? ಕೆಲವು ತಳಿಗೆ ತೆನೆಯ ತುದಿಯ ಕಾಳುಗಳಿಗಷ್ಟೇ ಮೀಸೆ, ಕೆಲವಕ್ಕೆ ತೆನೆ ತುಂಬ. ಮೀಸೆ ಇಲ್ಲದ್ದಕ್ಕೆ 'ಬೋಳು' ಎನ್ನಬಹುದೆಂದು ನನ್ನ ಅನಿಸಿಕೆ. ಊರ ಕಡೆ ಬಳಕೆಯಲ್ಲಿದ್ದರೆ ತಿಳಿಸಿ.

ಹೊಡೆ (ಗರಿಯೊಳಗೇ ಇರುವ ಎಳೆ ತೆನೆ), ತೆಂಡೆ (ಬುಡದಲ್ಲಿ ಒಡೆಯುವ ಕವಲು), ಜೊಳ್ಳು (ಅಕ್ಕಿ ತುಂಬದ ಕಾಳು) ಇವಕ್ಕೆ ಪದದ ತೊಂದರೆಯಿಲ್ಲ.

ಕೊನೆಯದು, ಗರಿ ದಂಟನ್ನು ಸೇರುವಲ್ಲಿ ಮೇಲೆದ್ದು ನಿಲ್ಲುವ ತೆಳು ಪೊರೆ. ಭತ್ತದ ಹಾಗೇ ಕಾಣುವ ಒಂದು ಕಳೆಹುಲ್ಲಿಗೆ ಆ ಪೊರೆ ಇರುವುದಿಲ್ಲ. ಎಳೆಯ ಪೈರಿನಲ್ಲಿ ಕಳೆಯನ್ನು ಗುರುತಿಸಲು ಅದನ್ನೇ ನೋಡಬಹುದು. 'ನಾಲಿಗೆ' ಎಂದು ಬರೆದರೆ ಪಾಠದ ಪುಸ್ತಕದ ಹಾಗೆ ಕೇಳಿಸುತ್ತದೆ. ಕಳೆ ಕೀಳುವವರು ಅದಕ್ಕೆ ಏನಂತಾರೆ?