ಅಪ್‌ಡೇಟ್: ರಾಜಕಾಲುವೆಯ ದಂಡೆ ಮತ್ತು ಮಿಂಚುಳ್ಳಿಯ ಗೂಡು

ಬೆಂಗಳೂರಿನ ನಮ್ಮ ಬಡಾವಣೆಯ ರಾಜಕಾಲುವೆಗೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಎರಡೂ ಬದಿ ಕಾಂಕ್ರೀಟ್ ಗೋಡೆ ಕಟ್ಟಿದರೆ ದಂಡೆಯ ಹಕ್ಕಿ, ಕಪ್ಪೆಗಳ ಗತಿಯೇನು ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಅರ್ಧ ಗೆದ್ದಿದ್ದೇವೆ.

ಮನೆಗಳಿರುವ ಬದಿಗೆ ಕಾಂಕ್ರೀಟ್ ಗೋಡೆಯೇ ಬರುತ್ತದೆ. ಪ್ರತಿ ಮಳೆಗಾಲದಲ್ಲೂ ನೀರು ನುಗ್ಗುವ ಮನೆಯವರ ಮುಂದೆ ಕಪ್ಪೆಯ ಪರ ವಾದಿಸುವ ಧೈರ್ಯ ನನಗಿಲ್ಲ. ಉದ್ಯಾನದ ಬದಿಗೆ ಮಾತ್ರ ತಂತಿ ಜಾಲರಿಯಲ್ಲಿ ಕಲ್ಲು ತುಂಬಿದ ಇಳಿಜಾರು ದಂಡೆ. ಸಂದಿಗಳಲ್ಲಿ ಹುಲ್ಲು ಬೇರೂರುತ್ತದೆ, ಕಪ್ಪೆ, ಹಾವುಗಳು ಹತ್ತಿ ಇಳಿಯಬಹುದು. ತಳಕ್ಕೆ ಕಾಂಕ್ರೀಟ್ ಇಲ್ಲ, ಹಾಗಾಗಿ ನೀರು ಇಂಗುತ್ತದೆ. ಆದರೆ ಮಿಂಚುಳ್ಳಿ ಗೂಡಿಗಾಗಿ ಬಿಲ ಕೊರೆಯುವುದು ಕಡಿದಾದ ಮಣ್ಣಿನಲ್ಲಿ. ಕಲ್ಲಿನ ದಂಡೆಯಿಂದ ಅದಕ್ಕೆ ಪ್ರಯೋಜನವಿಲ್ಲ. ನೀವು ಸೂಚಿಸಿದಂತೆ, ನೀರಿನ ಕೊರೆತ ಕಡಿಮೆಯಿರುವ ತಿರುವಿನ ಒಳಬದಿಯಲ್ಲಿ ಒಂದಿಷ್ಟು ಮಣ್ಣಿನ ದಂಡೆಯನ್ನು ಮುಟ್ಟದೆ ಬಿಡಲು ಎಂಜಿನಿಯರ್ ಒಪ್ಪಿದ್ದಾರೆ. ಹೂಳನ್ನೂ ಒಮ್ಮೆಗೆ ಒಂದೇ ಬದಿಯಿಂದ ಎತ್ತುತ್ತಾರೆ, ಇನ್ನೊಂದು ಬದಿಯ ಜೊಂಡು ಉಳಿಯುತ್ತದೆ.

ಸಿಂಗಪುರದ ಬಿಶಾನ್ ಉದ್ಯಾನದಲ್ಲಿ 2.7 ಕಿ.ಮೀ. ಕಾಂಕ್ರೀಟ್ ಕಾಲುವೆಯನ್ನು 2012ರ ಹೊತ್ತಿಗೆ 3.2 ಕಿ.ಮೀ. ಬಳುಕುವ ಹೊಳೆಯಾಗಿಸಿದ ಉದಾಹರಣೆ ಸಭೆಯಲ್ಲಿ ಕೆಲಸಕ್ಕೆ ಬಂತು. ‘ಅಲ್ಲಿ ಹರಿಯುವುದು ಮಳೆನೀರು, ಇಲ್ಲಿ ಹರಿಯುವುದು ಕೊಳಚೆ’ ಎಂದು ಹಿರಿಯರೊಬ್ಬರು ತಿವಿದರು. ಮಾತು ನಿಜ. ಮೇಲ್ಭಾಗದಲ್ಲಿ ಕಾಲುವೆಗೆ ಸೇರುವ ಒಳಚರಂಡಿ ಕೊಳವೆಗಳನ್ನು ಬೇರ್ಪಡಿಸುವ ಕೆಲಸಕ್ಕೆ ಇನ್ನೂ ಟೆಂಡರ್ ಕರೆದಿಲ್ಲ.