ಡೆಲ್ಟಾಮೆಥ್ರಿನ್ ಹೊಡೆದರೂ ಮೂರೇ ವಾರಕ್ಕೆ ಮತ್ತೆ ಉಣ್ಣೆ, ತಪ್ಪು ಎಲ್ಲಿ?

ಪ್ರಶ್ನೆ: ತಿತಿಮತಿ ಕಡೆ, ನಾಗರಹೊಳೆ ಕಾಡಂಚು. ನಾಲ್ಕು ಮಿಶ್ರತಳಿ ಹಸು, ಹಗಲೆಲ್ಲ ಬಾಣೆಯಲ್ಲಿ (ಮೇವಿನ ಜಾಗ) ಮೇಯುತ್ತವೆ. ಕಡವೆ, ಕಾಟಿ (ಕಾಡುಕೋಣ) ಓಡಾಡುವ ಜಾಗವೂ ಅದೇ. ಮಿ.ಲೀ.ಗೆ 12.5 ಮಿ.ಗ್ರಾಂ ಇರುವ ಡೆಲ್ಟಾಮೆಥ್ರಿನ್ ಎಂಬ ಉಣ್ಣೆ ಔಷಧವನ್ನು ಲೀಟರ್ ನೀರಿಗೆ 1 ಮಿ.ಲೀ. ಬೆರೆಸಿ ತಿಂಗಳಿಗೊಮ್ಮೆ ಮೈಮೇಲೆ ಹೊಡೆಯುತ್ತೇವೆ. ಮೂರು ವಾರಕ್ಕೆ ಕೆಚ್ಚಲ ಸುತ್ತ ಮತ್ತೆ ಉಣ್ಣೆ. ಕಾಡುಪ್ರಾಣಿಗಳಿಂದಲೇ ಬರುತ್ತಿದೆಯಾ? ಹುಲ್ಲು ಕೊಯ್ಯುವವರ ಕಾಲಿಗೆ ಎಳ್ಳಿನಷ್ಟು ಸಣ್ಣವೂ ಕಚ್ಚುತ್ತವೆ. ಅವೂ ಇವೇನಾ?

ಉತ್ತರ 1: ಅವು ಬೇರೆ, ಇವು ಬೇರೆ. ಅದನ್ನು ತಿಳಿಯದೆ ಔಷಧ ಹೊಡೆದರೆ ದುಡ್ಡು ದಂಡ.

ಕೆಚ್ಚಲ ಬಳಿ ಹರಳು ಬೀಜದ ಹಾಗೆ ಉಬ್ಬಿ ಬೂದು ಬಣ್ಣಕ್ಕೆ ತಿರುಗುವುದು ದನದ ಉಣ್ಣೆ, ರಿಪಿಸೆಫಾಲಸ್ ಮೈಕ್ರೋಪ್ಲಸ್. ಮರಿಯಾಗಿದ್ದಾಗ ಹಸುವಿನ ಮೈ ಹತ್ತಿದರೆ ಅಲ್ಲೇ ಎರಡು ಸಲ ಪೊರೆ ಬಿಟ್ಟು, ರಕ್ತ ಕುಡಿದು, ಸುಮಾರು 21 ದಿನಕ್ಕೆ ಕೆಳಗೆ ಬೀಳುತ್ತದೆ. ಬಿದ್ದ ಹೆಣ್ಣು 2,000ದಿಂದ 3,000 ಮೊಟ್ಟೆ ಇಡುತ್ತದೆ. ತಿಂಗಳಿಗೊಮ್ಮೆ ಹೊಡೆದರೆ ಪ್ರತಿ ಸಲವೂ ಒಂದು ತಂಡ ಮೊಟ್ಟೆಯಿಡಲು ಪಾರಾಗುತ್ತದೆ. ಇದಕ್ಕೆ ಕಾಟಿಯನ್ನು ದೂರಬೇಡಿ, ಇದರ ತವರು ಬಹುಪಾಲು ನಿಮ್ಮ ಕೊಟ್ಟಿಗೆಯೇ.

ಕಾಲಿಗೆ ಕಚ್ಚುವವು ಹೆಚ್ಚಾಗಿ ಹೆಮಫೈಸಾಲಿಸ್ ಕುಲದ ಕಾಡು ಉಣ್ಣೆಗಳು. ಇವು ಒಂದೊಂದು ಹಂತಕ್ಕೂ ಹೊಸ ಪ್ರಾಣಿ ಹಿಡಿಯುತ್ತವೆ. ಮರಿಗೂ ನಿಂಫ್‌ಗೂ (ಮರಿ ಮತ್ತು ಬಲಿತದ್ದರ ನಡುವಿನ ಹಂತ) ಇಲಿ, ಹಕ್ಕಿ, ಮಂಗ. ಬಲಿತದ್ದಕ್ಕೆ ಕಡವೆ, ಕಾಟಿ, ದನ. ಉಳಿದ ಕಾಲವೆಲ್ಲ ತರಗೆಲೆಯಡಿ. ಹಾಗಾಗಿ ಹಸುವಿಗೆ ಎಷ್ಟು ಹೊಡೆದರೂ ಇವು ಮುಗಿಯುವುದಿಲ್ಲ. ಮಂಗನ ಕಾಯಿಲೆ ಹರಡುವ ಹೆಮಫೈಸಾಲಿಸ್ ಸ್ಪಿನಿಜೆರಾ ಇದೇ ಕುಲದ್ದು. 1957ರಲ್ಲಿ ಕ್ಯಾಸನೂರಿನಲ್ಲಿ ಪತ್ತೆಯಾದ ಆ ರೋಗ ಬಂಡೀಪುರ, ವಯನಾಡಿನಲ್ಲೂ ಕಾಣಿಸಿಕೊಂಡಿದೆ. ನಿಂಫ್ ಹೆಚ್ಚಿರುವ ಡಿಸೆಂಬರ್‌ನಿಂದ ಮೇವರೆಗೆ ಹುಲ್ಲಿಗೆ ಹೋಗುವವರು ಪ್ಯಾಂಟನ್ನು ಸಾಕ್ಸ್‌ನೊಳಗೆ ಸಿಕ್ಕಿಸಿಕೊಳ್ಳಲಿ, ಬಂದ ಕೂಡಲೇ ಬಟ್ಟೆ ಬದಲಿಸಿ ಸ್ನಾನ ಮಾಡಲಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಉತ್ತರ 2: ನಿಮ್ಮದು ಅರ್ಧ ಡೋಸ್. ಉಣ್ಣೆಗೆ ಲೀಟರಿಗೆ 2 ಮಿ.ಲೀ. ಬೇಕು. ಅರ್ಧ ಡೋಸ್‌ಗೆ ಸಾಯದೆ ಉಳಿದವೇ ಮುಂದಿನ ಸಂತತಿ. ಔಷಧ ತಾಗದ ಉಣ್ಣೆಯನ್ನು ನಾವೇ ಸಾಕಿದ ಹಾಗೆ.

ದೊಡ್ಡ ಹಸುವಿಗೆ 3 ಲೀಟರ್ ದ್ರಾವಣ ಲೆಕ್ಕ ಹಾಕಿ. ಕೂದಲಿಗೆ ಎದುರಾಗಿ, ಚರ್ಮ ನೆನೆಯುವಂತೆ ಹೊಡೆಯಬೇಕು. ಬೆನ್ನಿಗಿಂತ ಗಂಗೆದೊಗಲು, ತೊಡೆಸಂದು, ಬಾಲದ ಬುಡ ಮುಖ್ಯ. ಕಿವಿಯೊಳಗೆ ಸ್ಪ್ರೇ ಬೇಡ, ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ. ಮೊದಲು ನೀರು ಕುಡಿಸಿ, ಇಲ್ಲದಿದ್ದರೆ ಬಾಯಾರಿದ ಹಸು ಮೈ ನೆಕ್ಕುತ್ತದೆ. ನಡು ಬಿಸಿಲು ಬೇಡ. 18–20 ದಿನಕ್ಕೊಮ್ಮೆ, ಕನಿಷ್ಠ ನಾಲ್ಕು ಸಲ, ಎಲ್ಲ ದನಕ್ಕೂ ಒಂದೇ ದಿನ. ಒಂದು ಕರು ಬಿಟ್ಟುಹೋದರೂ ಕೆಲಸ ಕೆಟ್ಟಿತು.

ಅದೇ ದಿನ ಕೊಟ್ಟಿಗೆಯ ಚಪ್ಪಡಿ ಸಂದು, ಗೋಡೆಯ ಬುಡಕ್ಕೂ ಹೊಡೆಯಿರಿ. ಆಮೇಲೆ ಸಂದನ್ನು ಸಿಮೆಂಟ್‌ನಿಂದ ಮುಚ್ಚಿ. ಡಬ್ಬ ತೊಳೆದ ನೀರು ತೋಡಿಗೆ ಸೇರಬಾರದು, ಮೀನು ಸಾಯುತ್ತದೆ. ಜೇನುಪೆಟ್ಟಿಗೆಯ ಹತ್ತಿರವೂ ಹೊಡೆಯಬೇಡಿ.

ಸರಿಯಾದ ಡೋಸ್‌ನಲ್ಲಿ ಎರಡು ಸಲ ಹೊಡೆದು, 48 ಗಂಟೆ ಕಳೆದರೂ ಉಬ್ಬಿದ ಉಣ್ಣೆ ಜೀವಂತವಿದ್ದರೆ ಮಾತ್ರ 12.5 ಶೇಕಡಾ ಅಮಿಟ್ರಾಜ್ ಎಂಬ ಬೇರೆ ಔಷಧಕ್ಕೆ ಬದಲಿಸಿ. ಅದೂ ಲೀಟರಿಗೆ 2 ಮಿ.ಲೀ., ಆ ದಿನವೇ ಕಲಸಿದ್ದು. ಕುದುರೆಗೆ ಅಮಿಟ್ರಾಜ್ ಹಾಕಲೇಬಾರದು.

ಉತ್ತರ 3: ಮೇಲಿನ ಲೆಕ್ಕ ದನಕ್ಕೆ ಸರಿ. ಮತ್ತಿಗೋಡು, ದುಬಾರೆಯಂಥ ಶಿಬಿರದ ಆನೆಗಳಿಗೆ ಹಾಗೇ ಹಚ್ಚಬೇಡಿ. ಹೊಳೆಯಲ್ಲಿ ಮೀಯುವ ಆನೆಗೆ ಸುರಿದ ಔಷಧ ಹೊಳೆಗೇ ಹೋಗುತ್ತದೆ. ಅಲ್ಲಿ ಮೈ ಉಜ್ಜುವಾಗ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಬಾಲದ ಬುಡ ನೋಡಿ ಕೈಯಿಂದ ತೆಗೆಯುವುದೇ ವಾಸಿ.

ಆನೆಗೆ ಹತ್ತುವ ಆಂಬ್ಲಿಯೋಮಾ ಕುಲದ ಉಣ್ಣೆಯ ಬಾಯಿ ಉದ್ದ. ಎಳೆದಾಡಿದರೆ ಮುರಿದು ಒಳಗೇ ಉಳಿದು ಕೀವಾಗುತ್ತದೆ. ಚೂಪು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಎಳೆಯಿರಿ. ಸೀಮೆಎಣ್ಣೆ, ಬೀಡಿ ಕಿಡಿ ಎರಡೂ ಬೇಡ. ಕಿತ್ತದ್ದನ್ನು ಬೆರಳಲ್ಲಿ ಹಿಸುಕದೆ ಸ್ಪಿರಿಟ್‌ಗೆ ಹಾಕಿ. ರಕ್ಷಿಸಿ ತಂದ ಉಡ, ಹೆಬ್ಬಾವಿನ ಮೈಯಲ್ಲೂ ಇದೇ ಕುಲದ ಉಣ್ಣೆ ಇರುತ್ತದೆ: ಉಡದ ಕಂಕುಳಲ್ಲಿ, ಹಾವಿನ ಹುರುಪೆಯ ಅಂಚಿನಡಿ. ತೆಗೆಯುವವರೆಗೆ ಬೇರೆ ಪ್ರಾಣಿಗಳ ಜೊತೆ ಇಡಬಾರದು. ಆಮೆಗೆ ಮಾತ್ರ ಐವರ್‌ಮೆಕ್ಟಿನ್ (ಉಣ್ಣೆ, ಹುಳು ಕೊಲ್ಲುವ ಔಷಧ) ಕೊಡಲೇಬಾರದು, ಸಾಯಬಹುದು.

ಪ್ರಶ್ನೆ ಕೇಳಿದವರು: ಐವರ್‌ಮೆಕ್ಟಿನ್ ಇಂಜೆಕ್ಷನ್ ಹಸುವಿಗೆ ಆಗುತ್ತಾ? ಮಳೆಗಾಲದಲ್ಲಿ ಸ್ಪ್ರೇ ನಿಲ್ಲುವುದಿಲ್ಲವಲ್ಲ.

ಉತ್ತರ 1: ಹಾಲು ಕೊಡುವ ಹಸುವಿಗೆ ಬೇಡ, ಹಾಲಿನಲ್ಲಿ ಬರುತ್ತದೆ. ಗೊಡ್ಡು ದನ, ಕಡಸಿಗೆ 50 ಕಿಲೋ ತೂಕಕ್ಕೆ 1 ಶೇಕಡಾದ್ದು 1 ಮಿ.ಲೀ., ಚರ್ಮದಡಿಗೆ, ಪಶುವೈದ್ಯರ ಕೈಯಲ್ಲೇ. ಮಳೆಗಾಲವೆಂದು ಕೈಬಿಡಬೇಡಿ: ಬಲಿತ ಕಾಡು ಉಣ್ಣೆ ದನ ಹತ್ತುವುದು ಜೂನ್‌ನಿಂದ ಸೆಪ್ಟೆಂಬರ್‌ಗೇ ಹೆಚ್ಚು. ಹೊಳವಾದ ದಿನ ನೋಡಿ ಹೊಡೆದು, ಮೈ ಒಣಗುವವರೆಗೆ ಒಳಗೆ ಕಟ್ಟಿ. ಈ ನಡುವೆ ಹಸುವಿಗೆ ಜ್ವರ, ಕೆಂಪು ಮೂತ್ರ, ಬಿಳಚಿದ ಒಸಡು ಕಂಡರೆ ಉಣ್ಣೆಯ ಚಿಂತೆ ಆಮೇಲೆ. ಉಣ್ಣೆಯಿಂದ ಬರುವ ರಕ್ತದ ರೋಗವಿರಬಹುದು, ಮೊದಲು ರಕ್ತಲೇಪನ ಪರೀಕ್ಷೆ (ಗಾಜಿನ ಮೇಲೆ ರಕ್ತ ಹಚ್ಚಿ ನೋಡುವುದು) ಮಾಡಿಸಿ.